ಮುಮ್ಮಡಿ ಕೃಷ್ಣರಾಜ ಒಡೆಯರ ಕಿರುಲೋಕ

(ಅಂತಿಮ ಬಿ. ಎ. ತರಗತಿಯ ಒಬ್ಬ ವಿದ್ಯಾರ್ಥಿನಿ)

ಮಹಾಪುರುಷರ ಜೀವನವನ್ನು ಬರೆಯುವವರು ಸಾಮಾನ್ಯವಾಗಿ ಅವರು ಗೆದ್ದ ಯುದ್ಧಗಳನ್ನೂ, ಕಟ್ಟಿಸಿದ ಕೋಟೆ ಕೊತ್ತಲಗಳನ್ನೂ ಎಣಿಸುವುದುಂಟು. ದೊಡ್ಡವರ ಅಳತೆಗೆ ದೊಡ್ಡ ವಸ್ತುಗಳೇ ಬೇಕೆಂಬುದು ಲೋಕದ ರೂಢಿ. ನಾನು ಇಲ್ಲಿ ಬರೆಯಹೊರಟಿರುವುದು ದೊಡ್ಡದನ್ನು ಕಳೆದುಕೊಂಡ ಒಬ್ಬ ಅರಸರ ಕಥೆಯನ್ನು. ರಾಜ್ಯವು ಕೈಬಿಟ್ಟ ಮೇಲೆ ಅವರು ಅಂಗೈಯಗಲದ ಎಲೆಗಳಲ್ಲಿಯೂ, ಮೊಳದಗಲದ ಹಾಸುಗಳಲ್ಲಿಯೂ ಒಂದು ಕಿರುಲೋಕವನ್ನು ಕಟ್ಟಿಕೊಂಡರು. ಅವರೇ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು.

ಈ ವಿಷಯವನ್ನು ನಾನು ಆರಿಸಿಕೊಂಡಾಗ ಸಹಪಾಠಿಯೊಬ್ಬಳು ನಕ್ಕಳು. ಆಟವಾಡುತ್ತ ಕಾಲ ಕಳೆದ ರಾಜನಲ್ಲಿ ಬರೆಯುವಂಥದೇನಿದೆ ಎಂಬುದು ಅವಳ ಆಕ್ಷೇಪ. ಅದು ನ್ಯಾಯವಾದ ಪ್ರಶ್ನೆಯೇ ಸರಿ. ಅದಕ್ಕೆ ಉತ್ತರ ಹುಡುಕುವ ಸಲುವಾಗಿಯೇ ಈ ಲೇಖನ ಬೆಳೆಯಿತೆಂದರೆ ತಪ್ಪಾಗಲಾರದು.

ಮೊದಲು ನಮ್ಮ ಮನೆಯ ಒಂದು ಮಾತು. ನಮ್ಮೂರು ಮೈಲಾರದ ಬಳಿ, ತುಂಗಭದ್ರೆಯ ಈಚೆ ದಡದ ಒಂದು ಹಳ್ಳಿ. ದೀಪಾವಳಿಯ ಪಾಡ್ಯದ ದಿನ ನಸುಕಿನಲ್ಲಿಯೇ ನಮ್ಮವ್ವ ಸಗಣಿಯಿಂದ ಪಾಂಡವರನ್ನು ಮಾಡಿ, ಚೆಂಡುಹೂವನ್ನೂ ಉತ್ತರಾಣಿಯನ್ನೂ ಸಿಕ್ಕಿಸಿ ಹೊಸ್ತಿಲ ಬಳಿ ಕೂರಿಸುತ್ತಾಳೆ. ಅಂಗಳದಲ್ಲಿ ಒಂದು ಪುಟ್ಟ ಹಟ್ಟಿಯನ್ನು ಕಟ್ಟುತ್ತಾಳೆ. ಗೇಣುದ್ದದ ಗೋಡೆ, ಒಳಗೆ ದನದ ಕೊಟ್ಟಿಗೆ, ಒಲೆ, ಒರಳು, ಮೊಸರು ಕಡೆಯುವ ಗಡಿಗೆ, ಬಾಗಿಲಲ್ಲಿ ಒಬ್ಬ ದನಗಾಹಿ, ಎಲ್ಲವೂ ಇರುತ್ತವೆ. ಚಿಕ್ಕಂದಿನಲ್ಲಿ ನಾವು ಅದರ ಮುಂದೆ ಬೋರಲು ಮಲಗಿ, ಒಂದು ಕಣ್ಣು ಮುಚ್ಚಿ ಒಳಗೆ ನೋಡುತ್ತಿದ್ದೆವು. ಹಾಗೆ ನೋಡಿದಾಗ ನಮ್ಮ ನಿಜವಾದ ಮನೆಗಿಂತ ಆ ಮನೆಯೇ ವಿಶಾಲವಾಗಿ ಕಾಣುತ್ತಿತ್ತು. ನಮ್ಮ ಮನೆಯಲ್ಲಿ ಆಗ ಒಂದೇ ಎಮ್ಮೆಯಿತ್ತು. ಅವ್ವನ ಹಟ್ಟಿಯಲ್ಲಿ ಹತ್ತು ಹಸುಗಳಿರುತ್ತಿದ್ದುವು.

ಹೀಗೆ ಲೋಕವನ್ನು ಕಿರಿದು ಮಾಡಿ ಮುಂದಿಟ್ಟುಕೊಳ್ಳುವ ಆಸೆ ಎಲ್ಲ ದೇಶಗಳಲ್ಲಿಯೂ ಇದೆ. ಜರ್ಮನಿಯ ಬವೇರಿಯಾ ಸೀಮೆಯ ಅರಸ ಐದನೆಯ ಆಲ್ಬ್ರೆಕ್ಟ್ 1558ರ ಸುಮಾರಿಗೆ ಒಂದು ಗೊಂಬೆಮನೆಯನ್ನು ಮಾಡಿಸಿದನು. ಯೂರೋಪಿನ ಗೊಂಬೆಮನೆಗಳ ಚರಿತ್ರೆ ಅಲ್ಲಿಂದ ಮೊದಲಾಗುತ್ತದೆ. ಇಂಗ್ಲೆಂಡಿನ ರಾಣಿ ಮೇರಿಗಾಗಿ 1924ರಲ್ಲಿ ಸಿದ್ಧವಾದ ಗೊಂಬೆಮನೆ ಇಂದಿಗೂ ವಿಂಡ್ಸರ್ ಅರಮನೆಯಲ್ಲಿದೆ. ಅಲ್ಲಿ ಒಂದು ಅಡಿಗೆ ಒಂದು ಅಂಗುಲದ ಲೆಕ್ಕ. ಕುರ್ಚಿ, ಪುಸ್ತಕ, ದೀಪ, ನೀರಿನ ಕೊಳವೆ, ಎಲ್ಲವೂ ಅದೇ ಪ್ರಮಾಣದಲ್ಲಿ ತಗ್ಗಿವೆ. ಅದನ್ನು ರೂಪಿಸಿದ ಎಡ್ವಿನ್ ಲಟ್ಯೆನ್ಸ್ ಎಂಬವರೇ ದೆಹಲಿಯ ಇಂದಿನ ರಾಷ್ಟ್ರಪತಿ ಭವನವನ್ನೂ ರೂಪಿಸಿದವರು. ದೊಡ್ಡದನ್ನು ಕಟ್ಟಬಲ್ಲವನಿಗೂ ಚಿಕ್ಕದು ಸುಲಭದ ಕೆಲಸವಲ್ಲವೆಂಬುದಕ್ಕೆ ಇದು ಸಾಕ್ಷಿ. ಅಷ್ಟು ದೂರ ಹೋಗುವುದೇಕೆ? ನಮ್ಮ ಹಿರೇಹಡಗಲಿಯ ಗುಡಿಯ ಹೊರಗೋಡೆಯನ್ನು ನೋಡಿದರೆ, ಚಾಲುಕ್ಯರ ಕಾಲದ ಶಿಲ್ಪಿಗಳು ದೊಡ್ಡ ಗುಡಿಯ ಮೈಮೇಲೆಯೇ ಗೇಣುದ್ದದ ಗುಡಿಗಳನ್ನು ಶಿಖರ ಸಹಿತವಾಗಿ ಕಡೆದಿರುವುದು ಕಾಣುತ್ತದೆ. ಹೊಳೆಯಾಚೆ ಕೊಪ್ಪಳದ ಹತ್ತಿರ ಕಿನ್ನಾಳವಿದೆ. ಅಲ್ಲಿಯ ಚಿತ್ರಗಾರರು ಹಗುರ ಮರದ ಮೇಲೆ ಹುಣಿಸೆ ಬೀಜದ ಅಂಟನ್ನು ಬಳಸಿ ಮಾಡುವ ಗೊಂಬೆಗಳು ನಾಡಿಗೆಲ್ಲ ಪರಿಚಿತವಾಗಿವೆ. ವಿಜಯನಗರವು 1565ರಲ್ಲಿ ಹಾಳಾದ ಮೇಲೆ ಚಿತ್ರಗಾರರು ಆಶ್ರಯ ಹುಡುಕಿ ದಿಕ್ಕುದಿಕ್ಕಿಗೆ ಚೆದುರಿದರೆಂದೂ, ಅವರಲ್ಲಿ ಕೆಲವರು ಕಿನ್ನಾಳದಲ್ಲಿ ನಿಂತರೆಂದೂ, ಕೆಲವರು ಮೈಸೂರು ಒಡೆಯರ ಸೀಮೆಯನ್ನು ಸೇರಿದರೆಂದೂ ಹೇಳುತ್ತಾರೆ. ಆ ದಾರಿಯನ್ನು ಹಿಡಿದೇ ನಾವು ಮೈಸೂರಿಗೆ ಹೋಗೋಣ.

ನಮ್ಮ ಸೀಮೆಗೂ ಮೈಸೂರಿನ ಅರಸರಿಗೂ ಆ ಕಾಲದಲ್ಲಿ ಸಂಬಂಧವಿರಲಿಲ್ಲ. ಬಳ್ಳಾರಿ ಪ್ರಾಂತವನ್ನು ನಿಜಾಮನು 1800ರಲ್ಲಿ ಕಂಪನಿಯವರಿಗೆ ಬಿಟ್ಟುಕೊಟ್ಟನು. ಅಂದಿನಿಂದ ನಾವು ಮದ್ರಾಸಿನವರಾಗಿದ್ದು, ಮೈಸೂರು ರಾಜ್ಯವನ್ನು ಸೇರಿದುದು 1953ರಲ್ಲಿ. ಆದುದರಿಂದ ನಮ್ಮ ಅಜ್ಜಂದಿರಿಗೆ ಮುಮ್ಮಡಿಯವರ ಹೆಸರು ಪರಿಚಿತವಲ್ಲ. ನನಗೂ ಅವರ ಪರಿಚಯವಾದುದು ಕಾಲೇಜಿನ ಪ್ರವಾಸದಲ್ಲಿ, ಜಗನ್ಮೋಹನ ಅರಮನೆಯ ಗೋಡೆಗಳ ಮುಂದೆ.

ಮುಮ್ಮಡಿ ಕೃಷ್ಣರಾಜರು 1794ರ ಜುಲೈ 14ರಂದು ಶ್ರೀರಂಗಪಟ್ಟಣದಲ್ಲಿ ಹುಟ್ಟಿದರು. ಇವರ ತಂದೆ ಖಾಸಾ ಚಾಮರಾಜ ಒಡೆಯರು ಹೆಸರಿಗೆ ಮಾತ್ರ ಅರಸರು. ಅಧಿಕಾರವೆಲ್ಲ ಟೀಪೂ ಸುಲ್ತಾನನದು. ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ, 1796ರಲ್ಲಿ, ತಂದೆ ತೀರಿಕೊಂಡರು. ಆ ಮೇಲೆ ರಾಜಮನೆತನದವರು ಬಡತನದಲ್ಲಿಯೇ ದಿನ ಕಳೆಯಬೇಕಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟೀಪೂ ಮಡಿದನು. ಹಿರಿಯ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ರಾಜ್ಯವನ್ನು ಮರಳಿ ಪಡೆಯುವುದಕ್ಕಾಗಿ ವರ್ಷಗಟ್ಟಲೆ ಇಂಗ್ಲಿಷರೊಡನೆ ನಡೆಸಿದ್ದ ಗುಟ್ಟಿನ ಪ್ರಯತ್ನ ಅಂದಿಗೆ ಫಲಿಸಿತು. ಜೂನ್ 30ರಂದು ಐದು ವರ್ಷದ ಬಾಲಕನಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಹಳೆಯ ಅರಮನೆ ಉಳಿದಿರಲಿಲ್ಲವಾದುದರಿಂದ ಚಪ್ಪರದ ಕೆಳಗೆ ಪಟ್ಟಾಭಿಷೇಕ ನಡೆಯಿತು. ಅರಸನಿಗೆ ರಾಜ್ಯ ದೊರೆತಿತ್ತು, ಇರಲು ಮನೆಯಿರಲಿಲ್ಲ.

ದಿವಾನ್ ಪೂರ್ಣಯ್ಯನವರು ಆಡಳಿತ ನಡೆಸಿದರು. ಹೊಸ ಮರದ ಅರಮನೆ ಎದ್ದಿತು. ಮಹಾರಾಣಿಯವರು 1810ರಲ್ಲಿ ತೀರಿಕೊಂಡರು. ಮರುವರ್ಷದ ವೇಳೆಗೆ ಪೂರ್ಣಯ್ಯನವರು ಅಧಿಕಾರವನ್ನು ಬಿಟ್ಟುಕೊಟ್ಟರು. ಹದಿನೇಳರ ಹರೆಯದ ಅರಸರು ತಾವೇ ರಾಜ್ಯಭಾರವನ್ನು ವಹಿಸಿಕೊಂಡರು. ಅವರು ಉದಾರಿಗಳು, ವಿದ್ವಾಂಸರಿಗೂ ಸಂಗೀತಗಾರರಿಗೂ ಕೈಬಿಚ್ಚಿ ಕೊಡುವವರು. ಕೆಂಪುನಾರಾಯಣ ಕವಿಯು 1823ರಲ್ಲಿ ಮುದ್ರಾಮಂಜೂಷವನ್ನು ಬರೆದುದು ಇವರ ಕಾಲದಲ್ಲಿಯೇ.

ಆದರೆ ಔದಾರ್ಯದ ಇನ್ನೊಂದು ಮುಖವನ್ನು ಮರೆಮಾಚುವುದು ಸಲ್ಲದು. ಬೊಕ್ಕಸ ಬರಿದಾಗುತ್ತ ಬಂದಿತು. ಕಂದಾಯವನ್ನು ಷರತ್ತಿನ ಮೇಲೆ ಅಮಲ್ದಾರರಿಗೆ ವಹಿಸಿಕೊಡುವ ಪದ್ಧತಿಯಿಂದ ರೈತರು ಕಂಗೆಟ್ಟರು. ಹೆಚ್ಚು ಹಣ ಒಪ್ಪಿಸುವೆನೆಂದ ಅಧಿಕಾರಿಯು ಅದನ್ನು ರೈತನ ಹೊಟ್ಟೆಯಿಂದಲ್ಲದೆ ಮತ್ತೆಲ್ಲಿಂದ ತಂದಾನು? 1830ರಲ್ಲಿ ನಗರ ಸೀಮೆಯ ರೈತರು ದಂಗೆಯೆದ್ದರು. ಗವರ್ನರ್ ಜನರಲ್ ಬೆಂಟಿಂಕನು ಇದನ್ನೇ ಕಾರಣ ಮಾಡಿಕೊಂಡು 1831ರ ಅಕ್ಟೋಬರಿನಲ್ಲಿ ಆಡಳಿತವನ್ನು ಕಂಪನಿಯ ಕೈಗೆ ತೆಗೆದುಕೊಂಡನು. ವಿಚಾರಣೆಗೆಂದು ನೇಮಕವಾದ ಸಮಿತಿಯು 1833ರಲ್ಲಿ ವರದಿ ಕೊಟ್ಟಾಗ ಅರಸರ ಮೇಲಿನ ದೂರುಗಳಲ್ಲಿ ಉತ್ಪ್ರೇಕ್ಷೆ ಬಹಳವಿತ್ತೆಂಬುದು ತಿಳಿದು ಬಂದಿತು. ಆದರೂ ರಾಜ್ಯ ಮರಳಲಿಲ್ಲ. ಬೆಂಗಳೂರಿನಲ್ಲಿ ಕಮಿಷನರರು ಕುಳಿತು ಆಳಿದರು. ಮಾರ್ಕ್ ಕಬ್ಬನ್ ಒಬ್ಬರೇ 1834ರಿಂದ 1861ರ ವರೆಗೆ ಆ ಸ್ಥಾನದಲ್ಲಿದ್ದರು. ಅರಸರಿಗೆ ವರ್ಷಾಶನವೂ ಅರಮನೆಯೂ ದಸರೆಯ ಸಿಂಹಾಸನವೂ ಉಳಿದುವು. ಆಗ ಅವರಿಗೆ ಮೂವತ್ತೇಳು ವರ್ಷ. ಮುಂದೆಯೂ ಅಷ್ಟೇ, ಇನ್ನು ಮೂವತ್ತೇಳು ವರ್ಷ ಅವರು ಬದುಕಿದ್ದರು.

ಈ ಎರಡನೆಯ ಮೂವತ್ತೇಳು ವರ್ಷಗಳೇ ನಮ್ಮ ವಿಷಯ. ರಾಜ್ಯವಿಲ್ಲದ ರಾಜನು ಬೆಳಗಿನಿಂದ ಸಂಜೆಯ ವರೆಗೆ ಏನು ಮಾಡಬೇಕು? ಬೇರೆಯವರಾಗಿದ್ದರೆ ಮದಿರೆಯಲ್ಲೋ ಬೇಟೆಯಲ್ಲೋ ಮುಳುಗಿ ಹೋಗುತ್ತಿದ್ದರೇನೋ. ಇವರು ಪಂಡಿತರನ್ನೂ ಚಿತ್ರಗಾರರನ್ನೂ ಸುತ್ತ ಕೂರಿಸಿಕೊಂಡು ಪುಸ್ತಕಗಳನ್ನೂ ಆಟಗಳನ್ನೂ ರಚಿಸತೊಡಗಿದರು.

ಅವರ ಹೆಸರಿನಲ್ಲಿರುವ ಮಹಾಗ್ರಂಥ ಶ್ರೀತತ್ತ್ವನಿಧಿ. ಅದರಲ್ಲಿ ಒಂಬತ್ತು ನಿಧಿಗಳಿವೆ: ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ. ದೇವತೆಗಳ ಕೈಯಲ್ಲಿ ಯಾವ ಆಯುಧ, ಮೈಗೆ ಯಾವ ಬಣ್ಣ, ಯಾವ ವಾಹನ ಎಂಬುದನ್ನೆಲ್ಲ ಶ್ಲೋಕಗಳೊಡನೆ ಚಿತ್ರ ಬರೆಯಿಸಿ ತೋರಿಸಿದ್ದಾರೆ. ಕೊನೆಯ ಕೌತುಕನಿಧಿಯಲ್ಲಿ ಯೋಗಾಸನಗಳ ಚಿತ್ರಗಳೂ ಆಟಗಳ ವಿವರಗಳೂ ಸೇರಿವೆ. ಒಂದು ಪುಟದ ಚೌಕದಲ್ಲಿ ಒಂದು ದೇವತೆಯನ್ನು ಇಡೀ ಪರಿವಾರದೊಡನೆ ಕೂರಿಸಬೇಕಾದರೆ ಕುಂಚದ ತುದಿ ಕೂದಲೆಳೆಯಷ್ಟೇ ಇರಬೇಕು.

ಇದಕ್ಕಿಂತಲೂ ಸೂಕ್ಷ್ಮವಾದುದು ಗಂಜೀಫಾ. ಇಂದು ನಾವು ಇಸ್ಪೀಟ್ ಎಲೆ ಎನ್ನುವುದಕ್ಕೆ ಇದು ಹಿರಿಯಕ್ಕ. ಪರ್ಷಿಯಾ ದೇಶದ ಕಡೆಯಿಂದ ಮೊಗಲರ ಕಾಲದಲ್ಲಿ ಈ ಆಟ ಭರತಖಂಡಕ್ಕೆ ಬಂದಿತು. ಮೊಗಲರ ಕಟ್ಟಿನಲ್ಲಿ ಎಂಟು ಪಂಗಡ, 96 ಎಲೆ. ನಮ್ಮವರು ಅದನ್ನು ದಶಾವತಾರವನ್ನಾಗಿ ಮಾಡಿ ಹತ್ತು ಪಂಗಡ, 120 ಎಲೆಗಳಿಗೆ ಬೆಳೆಸಿದರು. ಬಟ್ಟೆಯನ್ನೋ ಕಾಗದವನ್ನೋ ಪದರ ಪದರವಾಗಿ ಅಂಟಿಸಿ, ಒಣಗಿಸಿ, ನಯ ಮಾಡಿ, ಕತ್ತರಿಸಿ, ಆ ಅಂಗೈಯೊಳಗಿನ ಬಿಲ್ಲೆಯ ಮೇಲೆ ಬಣ್ಣ ಹಾಕಿ ಅರಗಿನ ಹೊಳಪನ್ನು ಕೊಡುತ್ತಿದ್ದರು. ಅರಮನೆಯವರಿಗೆ ದಂತದ ಎಲೆಗಳೂ ಇದ್ದುವು. ಶ್ರೀಮಂತರಿಗಾಗಿ ಬರೆದ ಬಗೆಗೆ ದರ್ಬಾರ್ ಕಲಂ ಎಂದೂ, ಸಂತೆಯಲ್ಲಿ ಮಾರುವುದಕ್ಕೆ ಬರೆದ ಬಗೆಗೆ ಬಜಾರ್ ಕಲಂ ಎಂದೂ ಹೆಸರು.

ಮುಮ್ಮಡಿಯವರು ಈ ಆಟವನ್ನು ಹಿಡಿದು ಹದಿಮೂರು ಹೊಸ ಬಗೆಗಳನ್ನು ಕಲ್ಪಿಸಿದರು. ಅವಕ್ಕೆ ಛದಗಳೆಂದು ಹೆಸರು. ಸಂಸ್ಕೃತದಲ್ಲಿ ಛದವೆಂದರೆ ಎಲೆ. ಚಾಮುಂಡೇಶ್ವರೀ ಛದ, ನವಗ್ರಹ ಛದ, ದಿಕ್ಪಾಲ ಛದ, ಪಂಚಪಾಂಡವ ಛದ ಮೊದಲಾಗಿ ಒಂದೊಂದೂ ಒಂದೊಂದು ಲೋಕ. ದೊಡ್ಡ ಕಟ್ಟುಗಳಲ್ಲಿ ಹದಿನೆಂಟು ಪಂಗಡಗಳೂ 360 ಎಲೆಗಳೂ ಇದ್ದುವು. ರಾಜ, ಮಂತ್ರಿ, ಸೈನ್ಯ, ವಾಹನ, ಧ್ವಜಗಳೊಡನೆ ಒಂದೊಂದು ಪಂಗಡವೂ ಒಂದು ಪುಟ್ಟ ಆಸ್ಥಾನವೇ. ಕಂಪನಿಯವರು ಆಸ್ಥಾನದ ಅಧಿಕಾರವನ್ನು ಕಿತ್ತುಕೊಂಡರು. ಅರಸರು ಹದಿನೆಂಟು ಆಸ್ಥಾನಗಳನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿಟ್ಟರು. ಇಲ್ಲಿ ಮಂತ್ರಿಯು ಮಂತ್ರಿಯ ಸ್ಥಾನದಲ್ಲಿಯೇ ಇರುತ್ತಾನೆ. ಯಾವ ಕಮಿಷನರನೂ ಬರುವುದಿಲ್ಲ.

ಚದುರಂಗವೂ ಅವರಿಗೆ ಪ್ರಾಣ. ಕುದುರೆಯ ಕಾಯಿ ಎರಡು ಮನೆ ನೇರ, ಒಂದು ಮನೆ ಅಡ್ಡ ನೆಗೆಯುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ಅದನ್ನು ಅರುವತ್ತನಾಲ್ಕು ಮನೆಗಳಲ್ಲಿಯೂ ಓಡಿಸಿ, ಯಾವ ಮನೆಯನ್ನೂ ಎರಡನೆಯ ಸಲ ತುಳಿಯದಂತೆ ಪಯಣ ಮುಗಿಸುವುದು ಒಂದು ಹಳೆಯ ಸಮಸ್ಯೆ. ಮುಮ್ಮಡಿಯವರು ಇಂಥ ಕುದುರೆ ನಡೆಗಳನ್ನು ರಚಿಸಿದರು. ಪಂಚಾಂಗ, ಗ್ರಹ, ದೇವತೆಗಳ ಹೆಸರುಗಳನ್ನು ಹೊಂದಿಸಿ ಹೊಸ ಹೊಸ ಹಾಸುಗಳನ್ನು ಮಾಡಿಸಿದರು. ನಮ್ಮ ಭಾಷೆಯಲ್ಲಿ ಆಟದ ಚೌಕಕ್ಕೆ ಮನೆ ಎಂದೇ ಹೆಸರು. ಚೌಕಾಬಾರದಲ್ಲಿ ಕಾಯಿ ಮನೆ ಸೇರಿತು ಎನ್ನುತ್ತೇವೆ. ಪಟ್ಟವಾದ ದಿನ ಮನೆಯಿಲ್ಲದ ಆ ಬಾಲಕನು ಮುಪ್ಪಿನಲ್ಲಿ ನೂರಾರು ಮನೆಗಳಿಗೆ ಒಡೆಯನಾದನು ಎಂದು ನನಗೆ ಅನ್ನಿಸಿದುದುಂಟು.

1861ರಲ್ಲಿ ಜಗನ್ಮೋಹನ ಅರಮನೆ ಕಟ್ಟಿದರು. ಅದರ ಒಳಗೋಡೆಗಳ ಮೇಲೆ ದಸರೆಯ ಮೆರವಣಿಗೆ ಸಾಲುಸಾಲಾಗಿ ನಡೆದಿದೆ. ಬೆರಳುದ್ದದ ಸೈನಿಕರು, ಗೇಣುದ್ದದ ಆನೆಗಳು. ಒಡೆಯರ ವಂಶಾವಳಿ ತಾವರೆಯ ರೂಪದಲ್ಲಿ ಅರಳಿ, ದಳದಳದಲ್ಲಿಯೂ ಒಬ್ಬೊಬ್ಬ ಅರಸರು ಕುಳಿತಿದ್ದಾರೆ. ಆಟದ ಹಾಸುಗಳೂ ಗೋಡೆಯನ್ನೇರಿವೆ. ನಮ್ಮ ತಂಡದವರೆಲ್ಲ ಮುಂದೆ ಹೋದರೂ ನಾನು ಅಲ್ಲಿಯೇ ನಿಂತೆ. ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದೆ. ನಮ್ಮವ್ವನ ಹಟ್ಟಿಯ ಮುಂದೆ ಬೋರಲು ಮಲಗಿದಾಗ ಆಗುತ್ತಿದ್ದುದೇ ಇಲ್ಲಿಯೂ ಆಯಿತು. ಗೋಡೆ ದೂರ ಸರಿದು ಬೀದಿಯಾಯಿತು.

ರಾಜ್ಯವನ್ನು ಮರಳಿ ಕೊಡಿರೆಂದು ಅವರು ಕೊನೆಯ ವರೆಗೂ ಮನವಿಗಳನ್ನು ಬರೆದರು, ಅವು ತಿರಸ್ಕೃತವಾದುವು. 1865ರಲ್ಲಿ ಚಾಮರಾಜೇಂದ್ರರನ್ನು ದತ್ತಕ್ಕೆ ತೆಗೆದುಕೊಂಡರು. 1867ರಲ್ಲಿ ಇಂಗ್ಲೆಂಡಿನ ಸರ್ಕಾರ ಆ ದತ್ತಕವನ್ನು ಒಪ್ಪಿತು. ಮರುವರ್ಷ, 1868ರ ಮಾರ್ಚ್ 27ರಂದು, ಅವರು ಕಾಲವಾದರು. ರಾಜ್ಯವು 1881ರಲ್ಲಿ ಆ ದತ್ತುಪುತ್ರನ ಕೈಗೆ ಮರಳಿತು. ಮುಮ್ಮಡಿಯವರು ಬಾಳಿದ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ಆಗ ರಾಜಪರಿವಾರಕ್ಕೆ ಆಶ್ರಯ ಕೊಟ್ಟುದು ಜಗನ್ಮೋಹನ ಅರಮನೆಯೇ. ದೊಡ್ಡದೆಲ್ಲ ಹೋಗಿ, ಗೋಡೆಯ ಬೆರಳುದ್ದದ ಸೈನಿಕರೂ ಪುಸ್ತಕದ ಚೌಕದೊಳಗಿನ ದೇವತೆಗಳೂ ಉಳಿದುಕೊಂಡರು.

ಇನ್ನು ಸಹಪಾಠಿಯ ಪ್ರಶ್ನೆಗೆ ಬರುತ್ತೇನೆ. ಇವರ ಬಾಳು ವ್ಯರ್ಥವೇ? ನಾನು ರೈತನ ಮಗಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲೇರಿದವಳು ನಾನೇ ಮೊದಲು. ನಗರದ ರೈತರ ಸಂಕಟವನ್ನು ಓದಿದಾಗ ನನ್ನ ಮನಸ್ಸು ಅವರ ಕಡೆಗೇ ಹೋಯಿತು. ಛದಗಳ ಚೆಲುವಿನಿಂದ ಆ ಸಂಕಟವನ್ನು ಮುಚ್ಚಲಾಗದು. ಅಧಿಕಾರವಿದ್ದಾಗ ಲೆಕ್ಕದ ಎಲೆಗಳನ್ನು ಸಹ ಇಷ್ಟೇ ಸೂಕ್ಷ್ಮವಾಗಿ ನೋಡಿದ್ದರೆ ಎಂದು ಯಾರಿಗಾದರೂ ಅನ್ನಿಸದಿರದು.

ಇನ್ನೊಂದು ಕೊರತೆಯೂ ಇದೆ. ಆ 360 ಎಲೆಗಳ ಆಟವನ್ನು ಆಡುವವರು ಅರಮನೆಯ ಹೊರಗೆ ಹೆಚ್ಚಾಗಿ ಹುಟ್ಟಲಿಲ್ಲ. ನಿಯಮಗಳು ಅಷ್ಟು ಜಟಿಲವಾಗಿದ್ದುವು. ಅರಸರು ಕಟ್ಟಿದ ಮನೆ ಬಲು ಚೆಂದವಾಗಿತ್ತು. ಅದರ ಬಾಗಿಲು ಮಾತ್ರ ಬೇರೆಯವರಿಗೆ ಕಿರಿದಾಯಿತು. ನಮ್ಮವ್ವನ ಹಟ್ಟಿಯಾದರೋ ಮಾರನೆಯ ವಾರ ಒಣಗಿ ತಿಪ್ಪೆ ಸೇರುತ್ತದೆ. ಆದರೆ ಮುಂದಿನ ವರ್ಷ ಊರಿನ ಮನೆಮನೆಯ ಅಂಗಳದಲ್ಲಿ ಮತ್ತೆ ಏಳುತ್ತದೆ. ಅರಸರ ಪಾಂಡವರು ಪೆಟ್ಟಿಗೆಯಲ್ಲಿ ಉಳಿದರು, ನಮ್ಮ ಪಾಂಡವರು ಹೊಸ್ತಿಲಲ್ಲಿ ಉಳಿದಿದ್ದಾರೆ.

ಆದರೂ ವ್ಯರ್ಥವೆನ್ನಲು ನಾನು ಒಪ್ಪಲಾರೆ. ಸೋತವನು ಲೋಕದ ಮೇಲೆ ಹಲ್ಲು ಕಡಿಯದೆ, ತನ್ನ ಕೈಗೆ ಎಟುಕುವ ಅಳತೆಯಲ್ಲಿ ಒಂದು ಕ್ರಮವನ್ನು ಕಟ್ಟಿಕೊಳ್ಳುವುದು ಸಣ್ಣ ಮಾತಲ್ಲ. ಆ ಆಶ್ರಯದಲ್ಲಿ ಮೈಸೂರಿನ ಚಿತ್ರಗಾರರ ಕುಂಚ ಒಣಗದೆ ಉಳಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಶ್ರೀರಂಗಪಟ್ಟಣದ ಗಂಜೀಫಾ ರಘುಪತಿ ಭಟ್ಟರು ಆ ಎಲೆಗಳ ಕಲೆಗೆ ಮರುಜೀವ ಕೊಟ್ಟರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಹಳೆಯ ಹಾಸುಗಳನ್ನು ಮತ್ತೆ ಮಾಡಿಸಿ ಜನರ ಮುಂದಿಟ್ಟರು. ಮತ್ತೊಂದು ಸಣ್ಣ ಕೆಲಸವನ್ನೂ ಇಲ್ಲಿಯೇ ನೆನೆಯಬೇಕು. ರಾಜ್ಯ ಹೋದ ಎರಡೇ ವರ್ಷಕ್ಕೆ, 1833ರಲ್ಲಿ, ಅವರು ಮೈಸೂರಿನಲ್ಲಿ ಒಂದು ಉಚಿತ ಇಂಗ್ಲಿಷ್ ಶಾಲೆಯನ್ನು ತೆರೆದರು. ಅದೇ ಬೆಳೆದು ಮಹಾರಾಜಾ ಕಾಲೇಜಾಯಿತು. 1916ರ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಆ ಕಾಲೇಜೇ ಆಧಾರಸ್ತಂಭವಾಯಿತು. ಕನ್ನಡ ನಾಡಿನ ಎಷ್ಟೋ ಮನೆಗಳ ಮೊದಲ ಪದವೀಧರರು ಆ ಬಾಗಿಲಿನಿಂದ ಹೊರಬಂದರು. ಅರಸರು ಕಟ್ಟಿದ ಸಣ್ಣ ಮನೆಗಳಲ್ಲಿ ಬಾಗಿಲು ಅಗಲವಾಗುತ್ತ ಹೋದುದು ಇದೊಂದೇ.

ಕಳೆದ ದೀಪಾವಳಿಯಲ್ಲಿ ನಾನು ಅವ್ವನ ಪಕ್ಕದಲ್ಲಿ ಕುಳಿತು, ಹಟ್ಟಿಗೆ ಅಳತೆ ಹೇಗೆ ಹಿಡಿಯುತ್ತೀ ಎಂದು ಕೇಳಿದೆ. ಅಕ್ಷರ ತಿಳಿಯದ ಅವಳು ಬೆರಳು ತೋರಿಸಿದಳು. ಮೊಸರಿನ ಗಡಿಗೆ ಒಂದು ಬೆರಳಾದರೆ ಹಸು ಎರಡು ಬೆರಳು, ಬಾಗಿಲು ಮೂರು ಬೆರಳು. ಗಡಿಗೆ ದೊಡ್ಡದಾದರೆ ಹಸು ಬಡವಾಗಿ ಕಾಣುತ್ತದೆಂದು ವಿವರಿಸಿದಳು. ವಿಂಡ್ಸರಿನ ಗೊಂಬೆಮನೆಯ ನಿಯಮವೂ ಜಗನ್ಮೋಹನದ ಗೋಡೆಯ ನಿಯಮವೂ ಅದೇ ಅಲ್ಲವೆ? ನಾನು ಇಷ್ಟು ಪುಸ್ತಕಗಳನ್ನು ತಿರುವಿ ಕಲಿತುದನ್ನು ಅವಳು ಸಗಣಿ ಕಲಸುತ್ತಲೇ ಬಲ್ಲಳು. ಆ ವರ್ಷ ಬಾಗಿಲನ್ನು ಮಾಡುವ ಕೆಲಸವನ್ನು ಅವಳು ನನಗೆ ಬಿಟ್ಟಳು. ನಾನು ಮೂರು ಬೆರಳಿಗಿಂತ ತುಸು ಅಗಲವಾಗಿಯೇ ಮಾಡಿದೆ.